ಹೊಲದ ಕಲ್ಲು ಮತ್ತು ಸಣ್ಣ ಟ್ರ್ಯಾಕ್ಟರು

ದಖ್ಖನ್ ಪ್ರಸ್ಥಭೂಮಿಯ ಒಣಬೇಸಾಯದ ಸೀಮೆಯಲ್ಲಿ ಕಲ್ಲಿಲ್ಲದ ಹೊಲ ಅಪರೂಪ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕಡೆ ಲಾವಾರಸ ಗಟ್ಟಿಗೊಂಡು ಉಂಟಾದ ಕರಿಕಲ್ಲು. ರಾಯಚೂರು, ಅನಂತಪುರ, ಕೋಲಾರಗಳ ಕೆಂಪುನೆಲದಲ್ಲಿ ಗ್ರಾನೈಟ್ ಗುಂಡು. ಬಂಡೆ ಶಿಥಿಲಗೊಂಡು ಮಣ್ಣಾಗುವಾಗ ಅದರ ಗಟ್ಟಿ ತಿರುಳು ಹಾಗೆಯೇ ಉಳಿಯುತ್ತದೆ. ಮಳೆಗೆ ಮೇಲ್ಮಣ್ಣು ಕೊಚ್ಚಿಹೋದಂತೆಲ್ಲ ಆ ತಿರುಳು ಹೊರಗೆ ಕಾಣಿಸಿಕೊಳ್ಳುತ್ತದೆ. ಹೊಲದಲ್ಲಿ ಕಲ್ಲು ಬೆಳೆಯುತ್ತದೆಂದು ನಂಬುವವರು ಇಂದಿಗೂ ಉಂಟು. ವಾಸ್ತವವಾಗಿ ಕಲ್ಲು ಬೆಳೆಯುವುದಿಲ್ಲ, ಮಣ್ಣು ಸವೆಯುತ್ತದೆ.

ಹಿಂದೆ ಈ ಕಲ್ಲುಗಳನ್ನು ಹಾರೆಯಿಂದ ಮೀಟಿ, ಎತ್ತು ಕಟ್ಟಿ ಎಳೆಸುತ್ತಿದ್ದರು. ಈಗ 15ರಿಂದ 25 ಅಶ್ವಶಕ್ತಿಯ ಸಣ್ಣ ಟ್ರ್ಯಾಕ್ಟರುಗಳು ಬಾಡಿಗೆಗೂ ದೊರೆಯುತ್ತಿವೆ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿ ಊರಿನ ಜಮೀನನ್ನು ಉಳಿಸಿಕೊಂಡಿರುವ ಅನೇಕರು ಬೇಸಗೆಯ ರಜೆಯಲ್ಲಿ ಹೋಗಿ ಈ ಕೆಲಸವನ್ನು ಮಾಡಿಸುವುದುಂಟು. ಅಂಥವರು ಮೊದಲು ತಿಳಿಯಬೇಕಾದುದು ಕಲ್ಲಿನ ತೂಕ. ಒಂದು ಘನಮೀಟರು ಗ್ರಾನೈಟು ಸುಮಾರು 2,700 ಕಿಲೋಗ್ರಾಂ ತೂಗುತ್ತದೆ. ಎಲ್ಲ ಕಡೆಯೂ 30 ಸೆಂಟಿಮೀಟರ್ ಇರುವ ಚೌಕ ಕಲ್ಲಿನ ತೂಕ ಸುಮಾರು 73 ಕಿಲೋ. ಇಬ್ಬರು ಸೇರಿದರೆ ಉರುಳಿಸಬಹುದು. ಅಳತೆ 60 ಸೆಂಟಿಮೀಟರಿಗೆ ಏರಿದರೆ ತೂಕ ಇಮ್ಮಡಿಯಲ್ಲ, ಎಂಟು ಪಟ್ಟಾಗಿ 580 ಕಿಲೋ ದಾಟುತ್ತದೆ. ಸಣ್ಣ ಟ್ರ್ಯಾಕ್ಟರಿನ ಹಿಂಬದಿಯ ಹೈಡ್ರಾಲಿಕ್ ತೋಳುಗಳು ಎತ್ತಬಲ್ಲ ಭಾರ ಸಾಮಾನ್ಯವಾಗಿ ಇದರ ಆಸುಪಾಸಿನಲ್ಲೇ ಇರುತ್ತದೆ. ಮೇಲಾಗಿ ಅರ್ಧದಷ್ಟು ಕಲ್ಲು ಮಣ್ಣಿನೊಳಗೆ ಅಡಗಿರುವುದರಿಂದ ಕಣ್ಣಂದಾಜು ಬಹುತೇಕ ತಪ್ಪುತ್ತದೆ.

ಎಲ್ಲ ಕಲ್ಲನ್ನೂ ತೆಗೆಯಬೇಕೆಂಬುದೂ ಸರಿಯಲ್ಲ. ಮುಷ್ಟಿಗಿಂತ ಚಿಕ್ಕದಾದ ಹರಳುಗಳು ಮಳೆಹನಿಯ ಹೊಡೆತವನ್ನು ತಡೆದು, ನೆಲದ ತೇವ ಬೇಗನೆ ಆರದಂತೆ ಕಾಯುತ್ತವೆ. ಅವನ್ನು ಗುಡಿಸಿ ಹಾಕಿದ ಹೊಲದಲ್ಲಿ ಮೇಲ್ಮಣ್ಣು ಸುಲಭವಾಗಿ ಕೊಚ್ಚಿಹೋಗುತ್ತದೆ. ನೇಗಿಲು, ಕುಂಟೆ, ಕೂರಿಗೆಗಳಿಗೆ ಅಡ್ಡಬರುವ ಕಲ್ಲುಗಳನ್ನಷ್ಟೇ ಗುರುತು ಹಾಕಿಕೊಂಡು ತೆಗೆದರೆ ಸಾಕು. ಕೆಂಪುನೆಲದಲ್ಲಿ ಬೇಸಗೆಯ ಮಳೆ ಒಂದೆರಡು ಬಿದ್ದ ಬಳಿಕ ಮಣ್ಣು ಸಡಿಲವಾಗಿ ಕೆಲಸ ಹಗುರಾಗುತ್ತದೆ. ಎರೆನೆಲದಲ್ಲಿ ಮಾತ್ರ ಮಳೆಗೆ ಮುನ್ನವೇ ಮುಗಿಸುವುದು ಮೇಲು. ನೆನೆದ ಎರೆಯಲ್ಲಿ ಗಾಲಿಗಳು ಹೂತುಕೊಳ್ಳುತ್ತವೆ.

ಟ್ರ್ಯಾಕ್ಟರನ್ನು ತರುವ ಮೊದಲೇ ಕಲ್ಲಿನ ಸುತ್ತ ಅಗೆದು, ಬುಡ ಕಾಣುವಂತೆ ಮಾಡಿ, ಹಾರೆಯಿಂದ ಮೀಟಿ ಅಲುಗಿಸಬೇಕು. ಮೀಟುವಾಗ ಕಲ್ಲಿನ ಹಿಂದೆ ನಿಂತು, ಮೇಲೇಳುವ ಅಂಚು ಆಚೆ ಬದಿಗೆ ಇರುವಂತೆ ನೋಡಿಕೊಳ್ಳುವುದು ಒಳ್ಳೆಯದು. ಅಡಿಯಲ್ಲಿ ಚೇಳು ಅಥವಾ ಹಾವಿದ್ದರೆ ಅತ್ತ ಹರಿದು ಹೋಗುತ್ತದೆ. ಅಲುಗದ ಕಲ್ಲನ್ನು ಟ್ರ್ಯಾಕ್ಟರಿಗೆ ಕಟ್ಟಲೇಬಾರದು. ಅದು ಬಿಡಿಕಲ್ಲಾಗಿರದೆ ನೆಲದೊಳಗಿನ ಬಂಡೆಯ ನೆತ್ತಿಯಾಗಿರಬಹುದು. ಅಂಥದನ್ನು ಕಲ್ಲುಕುಟಿಗರಿಂದ ಉಳಿ ಮತ್ತು ಬೆಣೆ ಹಾಕಿಸಿ ಸೀಳಿಸಬೇಕು, ಇಲ್ಲವೇ ಅಲ್ಲಿಯೇ ಬಿಟ್ಟು ಸುತ್ತಿ ಉಳಬೇಕು. ಸಿಡಿಮದ್ದಿನ ಬಳಕೆ ಪರವಾನಗಿ ಉಳ್ಳವರ ಕೆಲಸ.

ಕಟ್ಟುವ ಜಾಗವೇ ಈ ಕೆಲಸದಲ್ಲಿ ಜೀವದ ಪ್ರಶ್ನೆ. ಟ್ರ್ಯಾಕ್ಟರಿನ ಹಿಂದೆ ತಗ್ಗಿನಲ್ಲಿ ಡ್ರಾಬಾರ್ ಎಂದು ಕರೆಯುವ ಕಬ್ಬಿಣದ ಪಟ್ಟಿಯಿದೆ. ಸರಪಳಿಯನ್ನು ಅದಕ್ಕೇ ಕಟ್ಟಬೇಕು. ಎತ್ತರಕ್ಕೆ ಕಟ್ಟಿದರೆ ಕಲ್ಲು ಬೇಗ ಮೇಲೇಳುವುದೆಂದು ತಿಳಿದು ಕೆಲವರು ಹಿಂದಿನ ಅಚ್ಚಿಗೋ, ಅದಕ್ಕೂ ಮೇಲಿನ ಟಾಪ್ ಲಿಂಕ್ ಸಿಕ್ಕಿಸುವ ತೂತಿಗೋ ಸರಪಳಿ ಹಾಕುತ್ತಾರೆ. ಕಲ್ಲು ಕದಲದಿದ್ದಾಗ ಹಿಂದಿನ ಗಾಲಿಗಳು ಮುಂದಕ್ಕೆ ಉರುಳಲಾರವು. ಆದರೆ ಎಂಜಿನ್ನು ತಿರುಗುತ್ತಲೇ ಇರುತ್ತದೆ. ಆ ಶಕ್ತಿ ಬೇರೆ ದಾರಿ ಕಾಣದೆ ಟ್ರ್ಯಾಕ್ಟರಿನ ಮೂತಿಯನ್ನೇ ಮೇಲಕ್ಕೆ ಎತ್ತುತ್ತದೆ. ಮುಂದಿನ ಗಾಲಿಗಳು ನೆಲ ಬಿಟ್ಟುದು ಗೊತ್ತಾಗಿ ಚಾಲಕನು ಕ್ಲಚ್ಚಿಗೆ ಕಾಲಿಡುವಷ್ಟರಲ್ಲಿ ವಾಹನ ಹಿಂದಕ್ಕೆ ಮಗುಚಿ ಅವನ ಮೇಲೆಯೇ ಬೀಳಬಹುದು. ಸಣ್ಣ ಟ್ರ್ಯಾಕ್ಟರು ಹಗುರವಾಗಿರುವುದರಿಂದ ಅಪಾಯ ಕಡಿಮೆಯೆಂಬ ಭಾವನೆ ತಪ್ಪು. ಮೂತಿ ಹಗುರವಾದಷ್ಟೂ ಏಳುವುದು ಸುಲಭ. ಆದುದರಿಂದ ಕೆಳಗಿನ ಗೇರಿನಲ್ಲಿ, ಸರಪಳಿಯನ್ನು ಮೊದಲು ಬಿಗಿಯಾಗಿಸಿಕೊಂಡು, ಕ್ಲಚ್ಚನ್ನು ನಿಧಾನವಾಗಿ ಬಿಡುತ್ತ ಎಳೆಯಬೇಕು. ಹಿಂದೆ ಬಂದು ಒಮ್ಮೆಲೇ ಜಗ್ಗುವುದು ಸಲ್ಲದು. ನೈಲಾನ್ ಹಗ್ಗ ಹಿಗ್ಗಿ ತುಂಡಾದಾಗ ಚಾಟಿಯಂತೆ ಹಿಂದಿರುಗಿ ಬಡಿಯುತ್ತದೆ. ಸರಪಳಿಯೂ ಹರಿಯಬಹುದಾದ್ದರಿಂದ ಅದರ ಎರಡರಷ್ಟು ದೂರದೊಳಗೆ ಮಕ್ಕಳನ್ನಾಗಲಿ, ನೋಡಲು ಬಂದವರನ್ನಾಗಲಿ ನಿಲ್ಲಗೊಡಬಾರದು.

ಹೊರಬಂದ ಕಲ್ಲನ್ನು ಟ್ರೇಲರಿಗೆ ಎತ್ತುವ ಶ್ರಮ ಬೇಕಿಲ್ಲ. ದಪ್ಪ ಹಲಗೆಗಳನ್ನು ಎರಡು ದಿಮ್ಮಿಗಳ ಮೇಲೆ ಜೋಡಿಸಿ ನೆಲಕ್ಕೆ ತಾಗಿದಂತೆ ಎಳೆಯುವ ಜಾರುಬಂಡಿ ಇದಕ್ಕೆ ಉತ್ತಮ ಸಾಧನ. ಕಲ್ಲನ್ನು ಒಂದು ಗೇಣು ಎತ್ತರಕ್ಕೆ ಹೊರಳಿಸಿದರೆ ಸಾಕು. ಇಳಿಜಾರಿನಲ್ಲಿ ಮಾತ್ರ ಅದು ತಾನಾಗಿ ಜಾರಿ ಟ್ರ್ಯಾಕ್ಟರಿಗೆ ಬಡಿಯದಂತೆ ಎಚ್ಚರ ವಹಿಸಬೇಕು.

ತೆಗೆದ ಕಲ್ಲನ್ನು ಹೊಲದ ಮೂಲೆಯಲ್ಲಿ ರಾಶಿ ಹಾಕುವುದು ಸಾಮಾನ್ಯ. ಅದು ಅರ್ಧ ಕೆಲಸವಷ್ಟೇ. ಆಗಿನ ಮುಂಬಯಿ ಪ್ರಾಂತ್ಯದಲ್ಲಿ 1942ರಷ್ಟು ಹಿಂದೆಯೇ ಭೂಸುಧಾರಣಾ ಯೋಜನೆಗಳ ಕಾಯಿದೆ ಜಾರಿಗೆ ಬಂದು, ಒಣಸೀಮೆಯ ಹೊಲಗಳಲ್ಲಿ ಸಮಪಾತಳಿಯ ಒಡ್ಡು ಹಾಕುವ ಕಾರ್ಯ ಕೈಗೊಳ್ಳಲಾಯಿತು. ಹೊಲದ ಇಳಿಜಾರಿಗೆ ಅಡ್ಡಲಾಗಿ, ಒಂದೇ ಮಟ್ಟದಲ್ಲಿ ತೆಳುವಾಗಿ ಅಗೆದು, ದೊಡ್ಡ ಕಲ್ಲುಗಳನ್ನು ಬುಡಕ್ಕಿಟ್ಟು, ಸಂದುಗಳಿಗೆ ಚಿಕ್ಕವನ್ನು ತುಂಬಿದರೆ ಕಲ್ಲಿನ ಒಡ್ಡು ಸಿದ್ಧವಾಗುತ್ತದೆ. ನೀರು ಅದರ ನಡುವೆ ಸೋಸಿ ಮೆಲ್ಲನೆ ಹರಿಯುತ್ತದೆ, ಮಣ್ಣು ಮೇಲ್ಬದಿಯಲ್ಲಿ ತಂಗುತ್ತದೆ. ಕಲ್ಲು ಕಿತ್ತ ಗುಂಡಿಗಳನ್ನು ಅದೇ ದಿನ ಮುಚ್ಚಿ ತುಳಿಯಬೇಕು. ಮುಂದಿನ ಸಾಲಿಗೆ ತಿರುಗುವ ಟ್ರ್ಯಾಕ್ಟರಿನ ಒಂದು ಗಾಲಿ ಅದರಲ್ಲಿ ಇಳಿದರೆ ಪಕ್ಕಕ್ಕೆ ಉರುಳಲು ಅಷ್ಟೇ ಸಾಕಾಗುತ್ತದೆ.