ಯಂತ್ರದ ಆದೇಶಗಳನ್ನು ಓದುವ ಬಗೆ

ಮೇಜಿನ ಮೇಲಿನ ಗಣಕಯಂತ್ರದಲ್ಲಿ ಸರಿಯಾಗಿ ನಡೆದ ಪ್ರೋಗ್ರಾಮು ಕೈಯಲ್ಲಿ ಹಿಡಿಯುವ ಚಿಕ್ಕ ಯಂತ್ರದಲ್ಲಿ ತಪ್ಪು ಲೆಕ್ಕ ಕೊಡುವುದುಂಟು. ಆಗ ವಿದ್ಯಾರ್ಥಿಯು ಮೊದಲು ತನ್ನ ಬರಹವನ್ನೂ ಅನಂತರ ಕಂಪೈಲರನ್ನೂ ಶಂಕಿಸುತ್ತಾನೆ. ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಎರಡೂ ಯಂತ್ರಗಳ ಪ್ರೊಸೆಸರು ಒಂದೇ ವಂಶದ್ದೇ?

ನಮ್ಮ ನಾಡಿನ ಸಿಂಪ್ಯೂಟರನ್ನೇ ತೆಗೆದುಕೊಳ್ಳೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಕೂಡಿ ರೂಪಿಸಿದ ಈ ಕೈಯಂತ್ರ 2001ರಲ್ಲಿ ಜನರೆದುರು ಬಂದಿತು. ಅದರೊಳಗಿದ್ದುದು ಆರ್ಮ್ ವಂಶದ ಸ್ಟ್ರಾಂಗ್‌ಆರ್ಮ್ ಪ್ರೊಸೆಸರು. ನಮ್ಮ ಮೇಜಿನ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಎಕ್ಸ್86 ವಂಶದ್ದು.

ಮೆಮೊರಿಯ 1000ನೆಯ ವಿಳಾಸದಲ್ಲಿ 41 ಎಂಬ ಬೈಟು, 1001ರಿಂದ ಕ್ರಮವಾಗಿ 11, 22, 33, 44 ಎಂಬ ನಾಲ್ಕು ಬೈಟುಗಳು ಇವೆಯೆಂದು ಭಾವಿಸಿರಿ. ಎಲ್ಲವೂ ಹದಿನಾರರ ಮಾನದ ಅಂಕೆಗಳು. ಚಿಕ್ಕ ಸ್ಥಾನದ ಬೈಟು ಮೊದಲು ಬರುವುದೆಂಬ ನಿಯಮ ಎರಡೂ ಕಡೆ ಒಂದೇ. 1001ರಿಂದ ನಾಲ್ಕು ಬೈಟು ಓದೆಂದರೆ ಎಕ್ಸ್86 ಯಂತ್ರವು 44332211 ಎಂದು ಕೊಡುತ್ತದೆ. ಹಳೆಯ ಆರ್ಮ್ ಹಾಗಲ್ಲ. ವಿಳಾಸವು ನಾಲ್ಕರಿಂದ ಭಾಗವಾಗದಿದ್ದರೆ, ಅದನ್ನು ತಡೆಯುವ ಏರ್ಪಾಡು ಚಾಲೂ ಇಲ್ಲದಾಗ, ಅದು 1000ರಿಂದಲೇ ನಾಲ್ಕು ಬೈಟು ಎತ್ತಿ, ಒಂದು ಸ್ಥಾನ ತಿರುಗಿಸಿ, 41332211 ಎಂದು ಒಪ್ಪಿಸುತ್ತದೆ. ನೆರೆಮನೆಯ 41 ಒಳಗೆ ಬಂದು ಕುಳಿತಿತು, 44 ಹೊರಗುಳಿಯಿತು! ಅದು ಕಮಲಾಪುರದ ರೈತನೊಬ್ಬನ ಖಾತೆ ನಂಬರಾಗಿದ್ದರೆ ಅವನ ಹಣ ಮತ್ತೊಬ್ಬನ ಹೆಸರಿಗೆ ಹೋದೀತು. ಯಂತ್ರವಂತೂ ತುಟಿ ಪಿಟಕ್ಕೆನ್ನದು. ಮೂಲಬರಹವನ್ನು ನೂರು ಸಲ ಓದಿದರೂ ಇದು ಕಾಣದು. ಡೀಬಗರಿನಲ್ಲಿ ಆ ಒಂದು ಆದೇಶದ ಬಳಿ ನಿಂತು, ಮೆಮೊರಿಯ ಬೈಟುಗಳನ್ನೂ ರಿಜಿಸ್ಟರನ್ನೂ ಜೊತೆಗಿಟ್ಟು ನೋಡಿದಾಗಲೇ ಬಯಲಾಗುತ್ತದೆ.

ಹಾಗೆ ನಿಲ್ಲುವುದರಲ್ಲಿಯೂ ಭೇದವುಂಟು. ಒಂದೊಂದೇ ಆದೇಶ ನಡೆಸಿ ನಿಲ್ಲಲು ಎಕ್ಸ್86ರಲ್ಲಿ ಟ್ರ್ಯಾಪ್ ಎಂಬ ಗುರುತಿದೆ. 32 ಬಿಟ್ಟಿನ ಆರ್ಮ್‌ನಲ್ಲಿ ಅದಿಲ್ಲ. ಮುಂದಿನ ಆದೇಶ ಯಾವುದೆಂದು ಡೀಬಗರೇ ಲೆಕ್ಕಹಾಕಿ ಅಲ್ಲಿ ತಾತ್ಕಾಲಿಕ ತಡೆ ಇಡಬೇಕು. ಕವಲಿನ ಲೆಕ್ಕ ತಪ್ಪಿದರೆ ಪ್ರೋಗ್ರಾಮು ನಿಲ್ಲದೆ ಓಡಿಹೋಗುತ್ತದೆ.

ಎಕ್ಸ್86 ಆದೇಶದ ಉದ್ದ ಒಂದರಿಂದ ಹದಿನೈದು ಬೈಟು. ಪದಗಳ ನಡುವೆ ತೆರಪಿಲ್ಲದ ನಮ್ಮ ಹಳೆಯ ಶಾಸನಗಳಂತೆ, ಎಲ್ಲಿಂದ ಓದಲಾರಂಭಿಸಿದೆವು ಎಂಬುದರ ಮೇಲೆ ಅರ್ಥ ನಿಂತಿದೆ. ‘ಅರಮನೆ’ಯ ಮೊದಲೆರಡಕ್ಷರ ಬಿಟ್ಟರೆ ‘ಮನೆ’. ಅದೂ ಒಳ್ಳೆಯ ಪದವೇ, ಅದಕ್ಕೇ ಮೋಸ. ಹಳೆಯ ಆರ್ಮ್ ಆದೇಶಗಳು ಸರಿಸಮ ನಾಲ್ಕು ಬೈಟಾದುದರಿಂದ ಈ ತೊಡಕು ಕಡಿಮೆ.

ಮೇಲಿನ ದೋಷಕ್ಕೆ ಪರಿಹಾರ ಸುಲಭ: ಸಂಖ್ಯೆಯನ್ನು ಒಂದೊಂದು ಬೈಟಾಗಿ ನಕಲುಮಾಡಿಕೊಂಡು ಬಳಸುವುದು. ಇಂದು ಗಾಜಿಪುರದ ಓಣಿಯ ವಿದ್ಯಾರ್ಥಿಯ ಜೇಬಿನ ಫೋನಿನಲ್ಲಿರುವುದೂ ಬಹುಮಟ್ಟಿಗೆ ಆರ್ಮ್ ವಂಶದ ಪ್ರೊಸೆಸರೇ. ಆರನೆಯ ಪೀಳಿಗೆಯಿಂದೀಚೆಗೆ ಇಂಥ ಸಾಧಾರಣ ಓದನ್ನು ಅದು ತಾನೇ ಸರಿಪಡಿಸಿಕೊಳ್ಳಬಲ್ಲದು. ಆದರೆ ಹಲವು ರಿಜಿಸ್ಟರುಗಳನ್ನು ಒಮ್ಮೆಗೇ ತುಂಬುವ ಆದೇಶಕ್ಕೆ, 32 ಬಿಟ್ಟಿನ ನಡೆಯಲ್ಲಿ, ಈ ರಿಯಾಯಿತಿ ಇಲ್ಲ.