ಖಮೀರಿನ ಕಣದಲ್ಲಿ ಕಂಡದ್ದು

ಕಳೆದ ರಮಝಾನಿನಲ್ಲಿ ತರಾವೀಹ್ ಮುಗಿಸಿ ಹೊರಬರುವಾಗ ನಮ್ಮ ಸೇಡಂನ ಹಿರಿಯರೊಬ್ಬರು ನನ್ನನ್ನು ತಡೆದು, "ಹಜ್ರತ್, ರೋಜಾ ಹಿಡಿದರೆ ಮುಪ್ಪು ಹತ್ತಿರ ಬರುವುದಿಲ್ಲವಂತೆ, ಸಕ್ಕರೆ ಕಾಯಿಲೆಯೂ ಹೋಗುತ್ತದಂತೆ. ಇದನ್ನು ಕಂಡುಹಿಡಿದ ಜಪಾನಿನವರಿಗೆ ನೊಬೆಲ್ ಕೊಟ್ಟಿದ್ದಾರಂತೆ, ನಿಜವೇ?" ಎಂದು ಕೇಳಿದರು. ಮಾತು ಮುಂದುವರಿದಾಗ, ಅವರು ನಾಲ್ಕು ದಿನಗಳಿಂದ ಮಾತ್ರೆ ನಿಲ್ಲಿಸಿರುವುದು ತಿಳಿಯಿತು. ಮರುದಿನ ಬೆಳಿಗ್ಗೆಯೇ ಅವರನ್ನು ವೈದ್ಯರಲ್ಲಿಗೆ ಕರೆದೊಯ್ದೆ.

ಯೋಶಿನೋರಿ ಓಸುಮಿ ಎಂಬ ಆ ವಿಜ್ಞಾನಿಗೆ 2016ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ದೊರೆತದ್ದು ನಿಜ. ಆದರೆ ಅವರು ಪರೀಕ್ಷಿಸಿದ್ದು ಉಪವಾಸಿಗರನ್ನಲ್ಲ, ಯೀಸ್ಟನ್ನು; ಅಂದರೆ ನಾನ್ ರೊಟ್ಟಿಯ ಹಿಟ್ಟು ಉಬ್ಬಿಸಲು ನಮ್ಮ ಮನೆಗಳಲ್ಲಿ ಬಳಸುವ ಖಮೀರನ್ನು.

ಯೀಸ್ಟ್ ಒಂದೇ ಜೀವಕೋಶದ ಜೀವಿ. ಅದರೊಳಗೆ ರಸದಾನಿ ಎಂಬ ಚೀಲವಿದೆ. ಹಳತಾದ, ಕೆಟ್ಟುಹೋದ ಭಾಗಗಳನ್ನು ಕಿಣ್ವಗಳು ಅಲ್ಲಿ ಕರಗಿಸುತ್ತವೆ. (ಸಂಸ್ಕೃತದಲ್ಲಿ ಕಿಣ್ವವೆಂದರೆ ಹುಳಿಯೆಬ್ಬಿಸುವ ವಸ್ತುವೇ. ನಮ್ಮ ಪಠ್ಯಪುಸ್ತಕಗಳಲ್ಲಿ ಅದರ ಅರ್ಥ ಬದಲಾಗಿದೆ.) ಓಸುಮಿಯವರು ಕರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ಆರಿಸಿ, ಅದಕ್ಕೆ ಸಾರಜನಕ ಸಿಗದಂತೆ ಮಾಡಿದರು. ಕೆಲವೇ ಗಂಟೆಗಳಲ್ಲಿ ರಸದಾನಿಯು ಸಣ್ಣ ಸಣ್ಣ ಗುಳ್ಳೆಗಳಿಂದ ತುಂಬಿಹೋಯಿತು. ಜೀವಕೋಶವು ತನ್ನದೇ ಭಾಗಗಳನ್ನು ಕಟ್ಟುಕಟ್ಟಾಗಿ ಅಲ್ಲಿಗೆ ಸಾಗಿಸುತ್ತಿತ್ತು, ಕರಗಿಸುವವರು ಮಾತ್ರ ಇರಲಿಲ್ಲ. ಇದು 1992ರಲ್ಲಿ ಪ್ರಕಟವಾಯಿತು. ಮರುವರ್ಷವೇ ಈ ಕಾರ್ಯಕ್ಕೆ ಬೇಕಾದ 15 ಜೀನುಗಳನ್ನು ಅವರು ಗುರುತಿಸಿದರು. ಇದಕ್ಕೆ ಆಟೋಫಜಿ, ಅಂದರೆ ಸ್ವಭಕ್ಷಣೆ, ಎಂಬ ಹೆಸರನ್ನು ಕ್ರಿಶ್ಚಿಯನ್ ಡಿ ಡ್ಯೂವ್ 1963ರಲ್ಲೇ ಇಟ್ಟಿದ್ದರು.

ಆ ಜೀನುಗಳು ಕೆಟ್ಟ ಯೀಸ್ಟ್ ಆಹಾರವಿಲ್ಲದಾಗ ಬೇಗ ಸಾಯುತ್ತದೆ. ಮುಪ್ಪಿನ ಸಂಶೋಧಕರಿಗೆ ಆಸಕ್ತಿ ಹುಟ್ಟಿದ್ದು ಇಲ್ಲಿಯೇ. ಕಸ ತೆಗೆಯದ ಮನೆಯಂತೆ ಜೀವಕೋಶದಲ್ಲೂ ಹಾಳಾದ ಪ್ರೋಟೀನುಗಳು ಗಂಟುಕಟ್ಟುತ್ತವೆ. ಮನುಷ್ಯನ ಮೆದುಳಿನಲ್ಲಿ ಇಂತಹ ಗಂಟುಗಳು ಪಾರ್ಕಿನ್ಸನ್ ರೋಗದಲ್ಲಿ ಕಂಡುಬರುತ್ತವೆ.

ಇದಕ್ಕೆ ನಾವು ಜಪಾನಿನವರೆಗೆ ಹೋಗಬೇಕಾಗಿಯೂ ಇಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯ ಅವರ ತಂಡ ಯೀಸ್ಟನ್ನೇ ಬಳಸಿ, ಈ ಶುಚಿಕಾರ್ಯವನ್ನು ಚುರುಕುಗೊಳಿಸುವ ರಾಸಾಯನಿಕಗಳನ್ನು ಹುಡುಕುತ್ತಾ ಬಂದಿದೆ. ಹಾಗೆ ದೊರೆತ '6-ಬಯೋ' ಪಾರ್ಕಿನ್ಸನ್ ಲಕ್ಷಣ ಉಂಟುಮಾಡಿದ ಇಲಿಗಳ ನರಕೋಶಗಳನ್ನು ಕಾಪಾಡಿತೆಂದು 2017ರಲ್ಲಿ ವರದಿಯಾಯಿತು. ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದದ್ದು. ಅದನ್ನು ನಡೆಯದೆ ತಲುಪಿದೆವೆಂದು ಹೇಳುವವರು ನಮ್ಮ ಮಿಂಬರುಗಳ ಮೇಲೂ ಇದ್ದಾರೆ, ಅದೇ ನನ್ನ ದುಃಖ.

ದೀನಿನ ಮಾತಿಗೆ ಬಲ ತರಲೆಂದು ಆಡಿದರೂ ಪರರು ಹೇಳದ್ದನ್ನು ಅವರ ಹೆಸರಿನಲ್ಲಿ ಹೇಳುವುದು ಸುಳ್ಳೇ. ಹದೀಸಿನಲ್ಲಿ ಯಾರು ಯಾರಿಂದ ಕೇಳಿದರೆಂದು ಸರಪಳಿ ಹಿಡಿದು ವಿಚಾರಿಸುವ ನಾವು ವಿಜ್ಞಾನದ ಸುದ್ದಿಗೆ ಆ ಎಚ್ಚರಿಕೆಯನ್ನು ಏಕೆ ಬಿಡಬೇಕು? ರೋಜಾ ಕಡ್ಡಾಯವಾದದ್ದು ತಕ್ವಾಕ್ಕಾಗಿ. ರೋಗಿಯು ಬೇರೆ ದಿನಗಳಲ್ಲಿ ಎಣಿಕೆ ಪೂರೈಸಬಹುದೆಂಬ ರಿಯಾಯಿತಿ ಸೂರಃ ಅಲ್‌ಬಕರದಲ್ಲೇ ಇದೆ.

ಇದನ್ನೆಲ್ಲ ವೈದ್ಯರ ಬಾಗಿಲಲ್ಲಿ ಸರದಿಗೆ ಕಾಯುತ್ತಾ ಆ ಹಿರಿಯರಿಗೆ ವಿವರಿಸಿದೆ. "ಹಾಗಾದರೆ ನನ್ನ ರೋಜಾ?" ಎಂದರು. "ಚಾಚಾ, ಅದನ್ನು ನಿಮ್ಮ ರಕ್ತ ನೋಡಿ ವೈದ್ಯರು ಹೇಳಲಿ" ಎಂದೆ. ವೈದ್ಯರು ಆ ವಾರ ಬೇಡವೆಂದರು. ಬಿಟ್ಟ ರೋಜಾಗಳನ್ನು ಅವರು ಚಳಿಗಾಲದ ಚಿಕ್ಕ ದಿನಗಳಲ್ಲಿ ಪೂರೈಸಿದರು, ಮಾತ್ರೆ ಬಿಡದೆ.