ಹಾಲಿನ ಲೆಕ್ಕದಲ್ಲಿ ನಿಮ್ಮ ಕೂಲಿ



ಕೆಚ್ಚಲು ಬಾವು, ಜಂತುಹುಳು, ಕಾಲುಬಾಯಿ ಲಸಿಕೆ ಇವುಗಳ ಬಗ್ಗೆ ಈ ಪತ್ರಿಕೆಯಲ್ಲಿ ಸಾಕಷ್ಟು ಓದಿದ್ದೀರಿ. ಈ ಸಲ ಹಸುವಿನ ಬದಲು ಹಸು ನೋಡಿಕೊಳ್ಳುವವರ ಬಗ್ಗೆ ಮಾತಾಡೋಣ. ಕೆ.ಆರ್. ಪುರ, ಬಿದರಹಳ್ಳಿ, ವರ್ತೂರು ಕಡೆ ಡೇರಿಗೆ ಹೋದಾಗಲೆಲ್ಲ ನನ್ನ ಕಿವಿಗೆ ಬೀಳುವ ಪ್ರಶ್ನೆ ಒಂದಿದೆ: "ಹಸು ಮಾರಿ ವೈಟ್‌ಫೀಲ್ಡ್ ಕಡೆ ಹೌಸ್‌ಕೀಪಿಂಗ್ ಕೆಲಸಕ್ಕೆ ಹೋದ್ರೆ ಹೆಂಗೆ ಡಾಕ್ಟ್ರೇ?"

ಒಕ್ಕೂಟದ ಡಾಕ್ಟರು "ಮಾರಬೇಡಿ" ಅಂತಲೇ ಹೇಳುತ್ತಾರೆ ಎಂದುಕೊಳ್ಳಬೇಡಿ. ಮಾರುವುದೋ ಉಳಿಸುವುದೋ ನಿಮ್ಮ ತೀರ್ಮಾನ. ಲೆಕ್ಕ ಮಾತ್ರ ಮೊದಲು ಆಗಬೇಕು. ಬೂಸ, ಹಿಂಡಿ, ಹುಲ್ಲು, ಔಷಧಿ ಎಲ್ಲವನ್ನೂ ಬರೆಯುವ ಮನೆಗಳಲ್ಲೂ ಒಂದು ಬಾಬ್ತು ಬಿಟ್ಟುಹೋಗಿರುತ್ತದೆ. ಅದು ನಿಮ್ಮ ಕೂಲಿ.

ಕೆಲಸ ಊರ ಬಾಗಿಲಿಗೆ ಬಂದದ್ದು

ಬೆಂಗಳೂರಿನ ಪೂರ್ವ ಭಾಗಕ್ಕೆ ಸಂಬಳದ ಕೆಲಸ ಹೊಸದೇನಲ್ಲ. 1940ರಲ್ಲಿ ಎಚ್‌ಎಎಲ್ ಬಂತು, 1948ರಲ್ಲಿ ದೂರವಾಣಿನಗರದಲ್ಲಿ ಐಟಿಐ ಬಂತು. ಸುತ್ತಲಿನ ಊರುಗಳ ಎಷ್ಟೋ ಗಂಡಸರಿಗೆ ಕಾಯಂ ಕೆಲಸ ಸಿಕ್ಕಿತು. ಐಟಿಐನಲ್ಲಿ ಟೆಲಿಫೋನ್ ಜೋಡಿಸುವ ಕೆಲಸಕ್ಕೆ ಹೆಂಗಸರೂ ಸೇರಿದರು. ಗಂಡಸು ಷಿಫ್ಟಿಗೆ ಹೋದ ಮನೆಯಲ್ಲಿ ಕೊಟ್ಟಿಗೆ ಕೆಲಸ ಹೆಂಗಸಿನ ಪಾಲಿಗೆ ಉಳಿಯಿತು. ಸಂಬಳ ತಂದವನದು "ಕೆಲಸ" ಆಯಿತು, ಸಗಣಿ ಬಾಚಿದವಳದು "ಮನೆಗೆಲಸ" ಆಯಿತು.

ಆಮೇಲೆ ಐಟಿಪಿಎಲ್ ಬಂತು, ಅದರ ಸುತ್ತ ಕಂಪನಿಗಳು, ಅಪಾರ್ಟ್‌ಮೆಂಟ್‌ಗಳು ಬಂದವು. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೊ ಶುರುವಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯ ಕೊಂಡಿ ಕೂಡಿ, ಇಂದಿರಾನಗರ, ಹಲಸೂರಿಗೂ ಒಂದೇ ರೈಲಿನಲ್ಲಿ ಹೋಗುವಂತಾಯಿತು. ನಡುವೆ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸಾಮಾನ್ಯ ಬಸ್ಸು ಉಚಿತವಾಯಿತು.

ಇದಕ್ಕೂ ನಿಮ್ಮ ಹಸುವಿಗೂ ಏನು ಸಂಬಂಧ? ದಿನಕ್ಕೆ 60 ರೂ. ಬಸ್ ಚಾರ್ಜು ಕೊಡುತ್ತಿದ್ದವರಿಗೆ 26 ದಿನಕ್ಕೆ 1,560 ರೂ. ಉಳಿಯಿತು. ಮಾಲೀಕ ಸಂಬಳ ಏರಿಸದಿದ್ದರೂ ಕೈಗೆ ಬರುವ ಸಂಬಳ ಏರಿತು. ಹತ್ತಿರದಲ್ಲಿ ಬೇರೆ ಕೆಲಸವೇ ಇಲ್ಲದಿದ್ದಾಗ ಕೊಟ್ಟಿಗೆಯಲ್ಲಿ ಕಳೆದ ಗಂಟೆಗೆ ಬೆಲೆ ಕಟ್ಟುವ ಅಗತ್ಯ ಕಾಣುತ್ತಿರಲಿಲ್ಲ. ಈಗ ಆ ಗಂಟೆಗೆ ಹೊರಗೆ ಒಂದು ದರ ಇದೆ. ಅಲ್ಲಿಗೆ ಹೋಗದೆ ಹಸುವಿನ ಜೊತೆ ಇದ್ದರೆ ಆ ದರವನ್ನು ನೀವು ಬಿಟ್ಟುಕೊಟ್ಟಂತೆ. ಇದನ್ನು "ಬಿಟ್ಟ ಕೂಲಿ" ಎಂದು ಕರೆಯೋಣ. ಯಾವ ಬಿಲ್ಲಿನಲ್ಲೂ ಬರದಿದ್ದರೂ ಅದು ಖರ್ಚೇ.

ಲೆಕ್ಕ ಹಾಕೋಣ

ಕೆಳಗಿನವು ಉದಾಹರಣೆಯ ಅಂಕಿಗಳು. ನಿಮ್ಮ ಬಟವಾಡೆ ಚೀಟಿ, ಅಂಗಡಿ ಬಿಲ್ಲು ನೋಡಿ ಬದಲಿಸಿಕೊಳ್ಳಿ.

ಎರಡು ಸೀಮೆ ಹಸು, ಒಂದೊಂದೂ ದಿನಕ್ಕೆ 8 ಲೀಟರ್. ಸರ್ಕಾರದ ಪ್ರೋತ್ಸಾಹಧನ 5 ರೂ. ಸೇರಿಸಿ ಲೀಟರಿಗೆ 40 ರೂ. ಎಂದು ಹಿಡಿದರೆ ದಿನಕ್ಕೆ 640 ರೂ. ಬಂತು. ಇನ್ನು ಮೇವು. ಹಸುವಿನ ಮೈಗೆಂದು 2 ಕೆ.ಜಿ. ಪಶು ಆಹಾರ, ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ. ಅಂದರೆ ಹಸುವಿಗೆ ಸುಮಾರು 5 ಕೆ.ಜಿ., ಎರಡಕ್ಕೆ 10 ಕೆ.ಜಿ. ಕೆ.ಜಿ.ಗೆ 26ರಂತೆ 260 ರೂ. ರಾಗಿ ಹುಲ್ಲು 10 ಕೆ.ಜಿ.ಗೆ 80 ರೂ. ಹಸಿ ಮೇವು 40 ಕೆ.ಜಿ. ಕೊಂಡರೆ 120 ರೂ. ಖನಿಜ ಮಿಶ್ರಣ, ಔಷಧಿ, ವಿಮೆಗೆ 30 ರೂ. ಒಟ್ಟು 490. ಉಳಿದದ್ದು 150 ರೂ.

ಈಗ ಗಡಿಯಾರ ನೋಡಿ. ಬೆಳಿಗ್ಗೆ ಕೊಟ್ಟಿಗೆ ತೊಳೆದು ಹಾಲು ಕರೆಯಲು 2 ಗಂಟೆ, ಸಂಜೆ ಒಂದೂವರೆ ಗಂಟೆ, ಎರಡು ಹೊತ್ತು ಡೇರಿಗೆ ಹೋಗಿ ಸಾಲಲ್ಲಿ ನಿಂತು ಬರಲು 1 ಗಂಟೆ, ನೀರು ಮೇವಿಗೆ ಅರ್ಧ ಗಂಟೆ. ಒಟ್ಟು 5 ಗಂಟೆ. 150 ರೂಪಾಯಿಯನ್ನು 5ರಿಂದ ಭಾಗಿಸಿದರೆ ಗಂಟೆಗೆ 30 ರೂ. ನಿಮ್ಮ ಕೂಲಿ.

ಹೊರಗಿನ ಕೆಲಸಕ್ಕೂ ಇದೇ ಲೆಕ್ಕ ಹಾಕಿ. ಕೈಗೆ 13,000 ರೂ., 26 ದಿನ, 8 ಗಂಟೆ ಕೆಲಸ, 2 ಗಂಟೆ ಓಡಾಟ ಎಂದರೆ ಗಂಟೆಗೆ 50 ರೂ. ಏಜೆನ್ಸಿಯವರು ಪಿ.ಎಫ್., ಇ.ಎಸ್.ಐ. ಕಟ್ಟುತ್ತಿದ್ದರೆ ಇನ್ನೂ ಹೆಚ್ಚು. ಕಟ್ಟುತ್ತಾರೋ ಇಲ್ಲವೋ ಸೇರುವ ಮೊದಲೇ ಕೇಳಿ, ಪಿ.ಎಫ್.ನ ಯುಎಎನ್ ನಂಬರು ಬರೆಸಿಕೊಳ್ಳಿ.

ಹಾಗಾದರೆ ಎಲ್ಲರೂ ಹಸು ಮಾರಿಬಿಡುವುದೇ? ಅಷ್ಟು ಸುಲಭವಿಲ್ಲ. ಹಸುವಿನ 5 ಗಂಟೆ ಬೆಳಿಗ್ಗೆ ಸಂಜೆಗೆ ಒಡೆದು ಹಂಚಿದೆ, ನಡುವೆ ಮಕ್ಕಳು, ಅಡುಗೆ, ಅತ್ತೆ ಮಾವನ ಔಷಧಿ ನಡೆಯುತ್ತದೆ. ಹೊರಗಿನ 10 ಗಂಟೆಯನ್ನು ಒಡೆಯಲಾಗದು, ಮನೆಗೆಲಸ ಅದರ ಮೇಲೆ ಬೀಳುತ್ತದೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ. ಇನ್ನೊಂದು ಕಡೆ ಹಸುವಿಗೆ ಭಾನುವಾರವಿಲ್ಲ. ಕರು, ಗೊಬ್ಬರ ನಿಮ್ಮದೇ ಎನ್ನುವುದನ್ನೂ ಸೇರಿಸಿ ನೋಡಿ.

ಹೊರಗಿನ ಆ ದರವೂ ಬೇಗ ಏರುವುದಿಲ್ಲ. ಕಲಬುರಗಿ, ರಾಯಚೂರು ಕಡೆಯಿಂದ, ಒಡಿಶಾ, ಬಂಗಾಳದಿಂದ ಜನ ಇದೇ ಕೆಲಸ ಹುಡುಕಿ ಬರುತ್ತಾರೆ. ಒಬ್ಬರು ಬಿಟ್ಟರೆ ಇನ್ನೊಬ್ಬರು ಸಿಗುವ ಕಡೆ ಮಾಲೀಕನಿಗೆ ಕೂಲಿ ಏರಿಸುವ ಒತ್ತಡ ಇರುವುದಿಲ್ಲ. ಅವರನ್ನು ದೂರಿ ಫಲವಿಲ್ಲ. ಅವರ ಊರಿನಲ್ಲಿ ಮಳೆ, ಬೆಳೆ, ಕೂಲಿ ಇದಕ್ಕಿಂತ ಕಡಿಮೆ ಇರುವುದರಿಂದಲೇ ಬಂದಿದ್ದಾರೆ.

ಗಂಟೆಯ ದರ ಏರಿಸುವುದು ಎಲ್ಲಿ?

ಹಾಲಿನ ದರ ನಿಮ್ಮ ಕೈಯಲ್ಲಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲಿಗೆ 4 ರೂ. ಏರಿತು, ಮುಂದೆ ಯಾವಾಗಲೋ ಹೇಳಲಾಗದು. ನಿಮ್ಮ ಕೈಯಲ್ಲಿರುವುದು ಬತ್ತಿದ ದಿನಗಳ ಸಂಖ್ಯೆ. ನನ್ನ ವೃತ್ತಿ ಈ ಲೆಕ್ಕಕ್ಕೆ ಸೇರುವುದೇ ಇಲ್ಲಿ.

ಬತ್ತಿದ ಹಸುವೂ ತಿನ್ನುತ್ತದೆ. ಮೇಲಿನ ದರದಲ್ಲೇ 2 ಕೆ.ಜಿ. ಪಶು ಆಹಾರ 52, ಒಣ ಹುಲ್ಲು 40, ಹಸಿ ಮೇವು 60, ಇತರೆ 15, ಒಟ್ಟು 167 ರೂ. ಕರೆಯುವ ಕೆಲಸ ಮಾತ್ರ ಇಲ್ಲ, ಉಳಿದ ಕೆಲಸಕ್ಕೆ 2 ಗಂಟೆಯಾದರೂ ಬೇಕು. ಒಂದು ಬೆದೆ ಕಣ್ಣಿಗೆ ಬೀಳದೆ ಹೋದರೆ 21 ದಿನ ಹಿಂದೆ ಬೀಳುತ್ತೀರಿ. ಆ ದಿನಗಳು ಕೊನೆಗೆ ಹಾಲಿಲ್ಲದ ದಿನಗಳಿಗೇ ಸೇರುತ್ತವೆ. 21 ದಿನಕ್ಕೆ ಮೇವು 3,507 ರೂ., ನಿಮ್ಮ 42 ಗಂಟೆ ಕೂಲಿಯಿಲ್ಲದ ದುಡಿಮೆ. ಮೂರು ಬೆದೆ ತಪ್ಪಿದ ಹಸುವಿನ ಮನೆಯಲ್ಲಿ "ಹಾಲಿನಲ್ಲಿ ಏನೂ ಗಿಟ್ಟಲ್ಲ" ಎನ್ನುವುದು ನಿಜವೇ. ಆದರೆ ಅಲ್ಲಿ ಗಿಟ್ಟದಿರುವುದಕ್ಕೆ ಹಾಲಿನ ದರವೊಂದೇ ಕಾರಣವಲ್ಲ.

ಕರು ಹಾಕಿದ 60 ದಿನದಿಂದ ಮುಂದೆ ಪ್ರತಿ ಬೆದೆಯ ದಿನಾಂಕ ಬರೆಯಿರಿ. ಕಟ್ಟಿ ಸಾಕುವ ಹಸುಗಳಲ್ಲಿ ಬೆದೆ ಕಾಣಲು ಬೆಳಗಿನ ಜಾವ ಮತ್ತು ಕತ್ತಲಾದ ಮೇಲಿನ ಹೊತ್ತು ಒಳ್ಳೆಯದು. ತಿಳಿಯಾದ ಗಾಜಿನಂಥ ಲೋಳೆ, ಸುಮ್ಮನೆ ಕೂಗುವುದು, ಹಾಲು ತಟ್ಟನೆ ಇಳಿಯುವುದನ್ನು ಗಮನಿಸಿ. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೆಯ ಬೆಳಿಗ್ಗೆ ಕೃತಕ ಗರ್ಭಧಾರಣೆ ಮಾಡಿಸಿ. ಮೂರು ತಿಂಗಳಿಗೆ ಗರ್ಭ ಪರೀಕ್ಷೆ ಮಾಡಿಸಿ. "ನಿಂತಿರಬೇಕು ಬಿಡಿ" ಎಂದು ಕಾಯುವುದು ದುಬಾರಿ.

ಇನ್ನು ಹುಲ್ಲು. ಮೇಲಿನ ಲೆಕ್ಕದಲ್ಲಿ ಒಂದೂವರೆ ಗಂಟೆ ಕೊಟ್ಟು ನೀವೇ ಹಸಿ ಮೇವು ಕೊಯ್ದರೆ 120 ರೂ. ಉಳಿಯುತ್ತದೆ, ಅಂದರೆ ಗಂಟೆಗೆ 80 ರೂ. ಇಡೀ ದಿನದಲ್ಲಿ ಹೆಚ್ಚು ಕೂಲಿ ಬೀಳುವ ಹೊತ್ತು ಇದೇ. ಮನೆಯ ಹಿಂದೆ ಒಂದು ಪಟ್ಟಿ ನೇಪಿಯರ್ ಇದ್ದರೂ ಸಾರ್ಥಕ. ವರ್ತೂರು, ಬೆಳ್ಳಂದೂರು ಕೆರೆ ಅಂಚಿನ ಹುಲ್ಲು ಪುಕ್ಕಟೆ ಸಿಗುತ್ತದೆಂದು ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ. ಕೊಳಚೆ ನೀರು ಕುಡಿದು ಬೆಳೆದ ಹುಲ್ಲಿನಿಂದ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಹಸುವಿಗೂ ಹಾಲಿಗೂ ಸೇರುವ ಅಪಾಯವಿದೆ.

ಹೆಸರು ಯಾರದು?

ದುಡಿಮೆ ನಿಮ್ಮದು, ಡೇರಿ ಸದಸ್ಯತ್ವ ಯಜಮಾನರ ಹೆಸರಲ್ಲಿ ಇದ್ದರೆ ಬಟವಾಡೆಯೂ ಪ್ರೋತ್ಸಾಹಧನವೂ ಅವರ ಖಾತೆಗೇ ಹೋಗುತ್ತದೆ. ನಿಮ್ಮ ಹೆಸರಲ್ಲಿ ಸದಸ್ಯತ್ವ, ಆಧಾರ್ ಜೋಡಿಸಿದ ಖಾತೆ ಮಾಡಿಸಲು ಕಾರ್ಯದರ್ಶಿಯನ್ನು ಕೇಳಿ. ಕಿಸಾನ್ ಕ್ರೆಡಿಟ್ ಕಾರ್ಡ್ 2018-19ರಿಂದ ಪಶುಪಾಲಕರಿಗೂ ಇದೆ, ಅದಕ್ಕೆ ಹೊಲ ಇರಲೇಬೇಕೆಂದಿಲ್ಲ. 2025ರ ಜನವರಿಯಿಂದ 2 ಲಕ್ಷ ರೂ.ವರೆಗೆ ಅಡಮಾನ ಕೇಳುವಂತಿಲ್ಲ. ಜಮೀನು ಲೇಔಟಿಗೆ ಹೋದ ಮನೆಯವರಿಗೆ ಇದು ಗೊತ್ತಿರಬೇಕು.

ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ಮನೆಯ ಉದ್ಯಮಕ್ಕೆ ಸಂಬಳವಿಲ್ಲದೆ ನೆರವಾಗುವವರಿಗೆ 21 ಎಂಬ ಸಂಖ್ಯೆ, ಮನೆಗೆಲಸದ ಜೊತೆ ಮನೆಗೆಂದು ಸೌದೆ, ಮೇವು ತರುವವರಿಗೆ 93. 21 ಎಂದು ಬರೆದರೆ ನೀವು ದುಡಿಯುವವರು, 93 ಎಂದರೆ ಅಲ್ಲ. ಹಳ್ಳಿಗಳ 15 ವರ್ಷ ಮೇಲ್ಪಟ್ಟ ಹೆಂಗಸರಲ್ಲಿ ದುಡಿಯುವವರು, ಕೆಲಸ ಹುಡುಕುವವರು 2017-18ರಲ್ಲಿ ಶೇ. 24.6 ಇದ್ದರು, 2023-24ರಲ್ಲಿ ಶೇ. 47.6 ಆಯಿತು. ಇದರಲ್ಲಿ ಹೆಚ್ಚಿನ ಪಾಲು ಸ್ವಂತ ದುಡಿಮೆ ಮತ್ತು ಮನೆಯ ಉದ್ಯಮದ ನೆರವು, ಸಂಬಳದ ಕೆಲಸವಲ್ಲ. 2011ರ ಜನಗಣತಿಯಲ್ಲಿ ಮನೆ ಬಳಕೆಗಷ್ಟೇ ಹಾಲು ಉತ್ಪಾದಿಸುವವರನ್ನೂ ಕೆಲಸಗಾರರೆಂದೇ ಎಣಿಸುವ ನಿಯಮವಿತ್ತು. "ಮನೇಲೇ ಇದೀನಿ" ಎಂದವರು ಆ ಎಣಿಕೆಯಿಂದ ಹೊರಗುಳಿಯುವ ಸಾಧ್ಯತೆ ಹೆಚ್ಚು. 2027ರ ಜನಗಣತಿಯವರು ಬಂದಾಗ ಎಷ್ಟು ಹಸು, ಎಷ್ಟು ಗಂಟೆ, ಎಷ್ಟು ಲೀಟರ್ ಎಂದು ಬಿಡಿಸಿ ಹೇಳಿ.

ಒಂದು ತಿಂಗಳು ಮಕ್ಕಳ ಹಳೇ ನೋಟ್‌ಬುಕ್ಕಿನಲ್ಲಿ ಹಾಲು, ಮೇವಿನ ಖರ್ಚು, ಗಂಟೆ, ಬೆದೆ ದಿನಾಂಕ ಬರೆದಿಡಿ. ಮುಂದಿನ ಬರಡು ರಾಸು ತಪಾಸಣಾ ಶಿಬಿರಕ್ಕೆ ಹಸುವಿನ ಜೊತೆ ಅದನ್ನೂ ತನ್ನಿ. ಯಾವ ಹಸು ನಿಮ್ಮ ಕೂಲಿ ಕೊಡುತ್ತಿದೆ, ಯಾವುದು ತಿನ್ನುತ್ತಿದೆ ಎಂದು ಕೂತು ನೋಡೋಣ.